ಕಲ್ಯಾಣಿಯ ಪಾಲಿನ ಗುಬ್ಬಿ

ಭರ್ಜಿ ಕೈಬಿಟ್ಟಿತು. ಆಮೇಲೆ ಕೇಳಿಸಿದ ಸದ್ದು ಭರ್ಜಿಯದಲ್ಲ.

ಹಸಿ ಜಾಲಿ ಕಟ್ಟಿಗೆಯನ್ನು ಮೊಣಕಾಲಿಗೆ ಹಚ್ಚಿ ಮುರಿದರೆ ಬರುತ್ತದಲ್ಲ, ಅಂಥ ಸದ್ದು. ದೇವದುರ್ಗದ ಮೈದಾನದಲ್ಲಿ ಸುಣ್ಣದ ಗೆರೆಯ ಆಚೆ ನಿಂತಿದ್ದ ನನಗೂ ಅದು ಕೇಳಿಸಿತು. ಭರ್ಜಿ ಮೂತಿ ಮೇಲೆ ಮಾಡಿಕೊಂಡು ಸೊಟ್ಟಗೆ ಹೋಗಿ ಹತ್ತಿರದಲ್ಲೇ ಮಗ್ಗುಲಾಗಿ ಬಿತ್ತು. ನನ್ನ ತಂಗಿ ಕಲ್ಯಾಣಿ ಮೊಣಕಾಲೂರಿ ಕೂತುಬಿಟ್ಟಳು. ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದಿದ್ದಳು, ಬೇರೆಯವರ ಕೂಸನ್ನು ಹಿಡಿದಂತೆ.

ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಬಂದಿದ್ದಳು ಅವಳು. ಸಿಕ್ಕರೆ ಊಟ, ಓದು, ಕೋಚು ಎಲ್ಲ ಅವರದೇ. ಸಿಗದಿದ್ದರೆ ಬರುವ ವರ್ಷಕ್ಕೆ ವಯಸ್ಸು ಮೀರುತ್ತದೆ. ಮಾನ್ವಿಯ ನಮ್ಮ ಓಣಿಯಿಂದ ಒಬ್ಬ ಹುಡುಗಿ ಭರ್ಜಿ ಹಿಡಿದುಕೊಂಡು ಹೊರಗೆ ಹೋಗುವುದೆಂದರೆ ಏನು ಅಂತ ಬಿಡಿಸಿ ಹೇಳುವಷ್ಟು ತಾಳ್ಮೆ ನನಗಿಲ್ಲ.

ಓಡಿಹೋಗಿ ಹಿಡಿದುಕೊಂಡೆ. "ಏನಾತು ಬೇ? ಕಲ್ಯಾಣಿ, ಏನಾತು?"

"ಅಣ್ಣಾ, ನನ್ನ ಕೈ ಎಲ್ಲದ ನೋಡು," ಅಂದಳು.

ಕೈ ಅಲ್ಲೇ ಇತ್ತು. ಭುಜ ಇರಬೇಕಾದ ಕಡೆ ಇರಲಿಲ್ಲ. ಗುಂಡಗೆ ಇರಬೇಕಾದ ಜಾಗ ತಗ್ಗಾಗಿ, ಮುಂದಕ್ಕೆ ಅಂಗಿಯೊಳಗೆ ಒಂದು ಗಂಟು ಎದ್ದಿತ್ತು. ವೆಲ್ಡಿಂಗ್ ಅಂಗಡಿಯಲ್ಲಿ ಬೆಂಕಿ, ಕಬ್ಬಿಣ, ಸುಟ್ಟ ಚರ್ಮ ಎಲ್ಲ ನೋಡಿದವನು ನಾನು. ಇದನ್ನು ನೋಡಲಾಗಲಿಲ್ಲ.

ಆಂಬುಲೆನ್ಸಿನಲ್ಲಿ ರಾಯಚೂರಿನ ಆಸ್ಪತ್ರೆಗೆ ಒಯ್ದೆವು. ಅಲ್ಲಿನ ಎಲುಬಿನ ಡಾಕ್ಟರು ಭುಜ ಕೂಡಿಸಿದರು, ಸ್ಕ್ಯಾನ್ ಮಾಡಿಸಿದರು, ಕೈಯನ್ನು ಎದೆಗೆ ಹಚ್ಚಿ ಕಟ್ಟಿದರು. ಆಮೇಲೆ ನನ್ನನ್ನು ಹೊರಗೆ ಕರೆದು ಕೇಳಿದರು.

"ಒಳಗಿನ ತಂತು ಹರದದ. ಆಪರೇಷನ್ ಆಗಬೇಕು. ಇದು ಇವತ್ತ ಒಂದ ಸಲಕ್ಕ ಆದದ್ದಲ್ಲ. ಮೊದಲಿಂದ ನೋವಿದ್ದ ಭುಜ. ಇಂಥಾ ಭುಜ ಇಟ್ಟುಕೊಂಡು ಎಸಿಯಾಕ ಯಾರು ಬಿಟ್ಟಾರ ಈ ಹುಡುಗಿನ್ನ?"

"ಮತ್ತ ಎಸೀತಾಳೇನ್ರಿ?"

"ಈಗ ಹೇಳಾಕ ಬರಂಗಿಲ್ಲಪ್ಪ."

ಯಾರು ಬಿಟ್ಟಾರ. ಆ ಮಾತು ತಲೆಯೊಳಗೆ ಗ್ರೈಂಡರಿನಂತೆ ತಿರುಗಿತು. ಯಾರು ಬಿಟ್ಟರು ಅಂತ ನನಗೆ ಗೊತ್ತಿತ್ತು. ಅವನ ಅಂಗಡಿ ಅದೇ ಊರಲ್ಲಿ, ಸ್ಟೇಷನ್ ರಸ್ತೆಯ ಪಕ್ಕದ ಗಲ್ಲಿಯಲ್ಲಿ ಇತ್ತು.

ಉದಯಕುಮಾರ. ಅಕ್ಕಿ ಗಿರಣಿಯವರ ಮಗ, ಹೊರಗೆ ಓದಿಬಂದ ಫಿಜಿಯೋ. ಕಲ್ಯಾಣಿಗೆ ಭುಜ ನೋಯಲು ಶುರುವಾದಾಗ ಅವಳ ಕಾಲೇಜಿನ ಪಿ.ಟಿ. ಮಾಸ್ತರರೇ ಅವನ ಹತ್ತಿರ ಕಳಿಸಿದ್ದರು. ಮೊದಲ ಸಲ ಹೋದಾಗ ಅವನು ಮುಟ್ಟಿ ನೋಡಿದ, ಎತ್ತಿಸಿ ಇಳಿಸಿ ನೋಡಿದ. ಮಾನ್ವಿಯಿಂದ ದಿನಾ ಬರಲು ಆಗುವುದಿಲ್ಲ ಅಂದದ್ದಕ್ಕೆ ನಮ್ಮ ಮನೆಯ ಫೋನಿಗೆ ಒಂದು ಆಟ ಹಾಕಿಕೊಟ್ಟ. ಅಂಗೈಗೆ ಪಟ್ಟಿ ಬಿಗಿದು ಫೋನ್ ಹಿಡಿದುಕೊಂಡು ಕೈಯನ್ನು ಮಗ್ಗುಲಿಗೆ ನಿಧಾನ ಎತ್ತಬೇಕು. ಕೈ ಏರಿದ ಹಾಗೆ ಪರದೆಯಲ್ಲಿ ಒಂದು ಗುಬ್ಬಿ ಏರುತ್ತದೆ, ಬಳೆಯಂಥ ಚಕ್ರಗಳೊಳಗೆ ತೂರಿ ಹೋಗುತ್ತದೆ. ಕೈ ನಡುಗಿದರೆ ಗುಬ್ಬಿ ಬೀಳುತ್ತದೆ. ಮುಂದಿನ ಹಂತಗಳಲ್ಲಿ ಕಾಲಡಿ ರಬ್ಬರ್ ಪಟ್ಟಿ ಮೆಟ್ಟಿ ಅದರ ಬಿಗುವಿಗೆ ಎದುರಾಗಿ ಎತ್ತಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಆಡಬೇಕು. ಅಂಕ ಮಾತ್ರ ರಾಯಚೂರಿನಲ್ಲಿ ಕೂತ ಅವನ ಕಂಪ್ಯೂಟರಿಗೆ ತಾನೇ ಹೋಗುತ್ತದೆ.

"ಬಾಕಿ ಉಳಿಸಬ್ಯಾಡ್ರಿ ಅಷ್ಟ," ಅಂತ ಅವ್ವನ ಮುಂದೆಯೂ ಹೇಳಿದ್ದ.

ಆಮೇಲೆ ಅವನು ಅವಳ ಭುಜ ಮುಟ್ಟಲೇ ಇಲ್ಲ. ಅಂಕ ನೋಡಿದ, ಹಂತ ಏರಿಸಿದ. ಹೋದ ವಾರ ಫೋನ್ ಮಾಡಿ, "ಛಲೋ ಸುಧಾರಿಸೀರಿ, ದೇವದುರ್ಗಕ್ಕ ಹೋಗಿ ಎಸೀರಿ," ಅಂದ.

ಅವನ ಕೋಣೆಯ ಬಾಗಿಲು ದೂಡಿ ಒಳಗೆ ಹೋದೆ. ಒಬ್ಬ ಮುದುಕರ ಕಾಲಿಗೆ ಏನೋ ಕಟ್ಟುತ್ತಿದ್ದ. ನನ್ನನ್ನು ಕಂಡು ನಕ್ಕ.

"ಬರ್ರಿ ಗೌತಮ್. ಏನಾತು? ಆಯ್ಕೆ ಆದ್ಳೇನು?"

ಆ ನಗೆ ನೋಡಿದ್ದೇ ಕೊರಳಪಟ್ಟಿ ಹಿಡಿದು ಗೋಡೆಗೆ ಹಚ್ಚಿದೆ.

"ಲೇ, ನನ್ನ ತಂಗಿ ಕೈ ಮುರಿದು ಆಸ್ಪತ್ರ್ಯಾಗ ಮಲಗ್ಯಾಳ. ಆಯ್ಕೆ ಕೇಳ್ತಿ ಏನಲೇ? ಎಸಿ ಅಂತ ಯಾರು ಹೇಳಿದ್ರು? ನೀನ ಹೇಳಿದಿ!"

ಮುದುಕರು ಕಟ್ಟಿದ್ದ ಪಟ್ಟಿಯನ್ನು ಎಳೆದಾಡಿಕೊಂಡೇ ಹೊರಗೆ ನಡೆದರು. ಉದಯಕುಮಾರನ ಮುಖದ ಬಣ್ಣ ಹೋಯಿತು. "ಯಾ ಕೈ? ಬಲಗೈ? ಹೆಂಗಾತ್ರಿ?"

"ನನ್ನ ಕೇಳ್ತಿ?"

"ಇಲ್ರಿ, ಇದು ಆಗಾಕ ಸಾಧ್ಯ ಇಲ್ಲ. ಆಕಿ ಅಂಕ ನೋಡ್ರಿ ನೀವು. ನನ್ನ ಕಡೆ ಬರೋ ಮಂದ್ಯಾಗ ಇಷ್ಟು ಲಗೂ ಯಾರೂ ಸುಧಾರಿಸಿಲ್ಲ. ಕೈ ಒಂದು ಎಳಿ ನಡುಗಂಗಿಲ್ಲ ಆಕಿದು..."

"ಅಂಕ ಒಲಿಯಾಗ ಹಾಕು! ಆಮ್ಯಾಲ ಕೈ ಮುಟ್ಟಿ ನೋಡಿದ್ಯೇನು? ಒಮ್ಮೆರ ಕರಿಸಿದ್ಯೇನು? ಫೋನಿನ್ಯಾಗ ಗುಬ್ಬಿ ಹಾರಿದ್ರ ಮನಷ್ಯಾರ ಎಲುಬು ಗಟ್ಟಿ ಆಗ್ತಾವೇನು?"

ನಾನು ಕೈ ಎತ್ತಿದ್ದೆ. ಹೊಡೆದೇ ಬಿಡುತ್ತಿದ್ದೆ. ಅಷ್ಟರಲ್ಲಿ ಮೇಜಿನ ಮೇಲಿನ ಕಂಪ್ಯೂಟರ್ ಟಣ್ ಅಂದಿತು.

ಇಬ್ಬರೂ ತಿರುಗಿ ನೋಡಿದೆವು. ಪರದೆಯಲ್ಲಿ ನನ್ನ ತಂಗಿಯ ಹೆಸರು. ಹೆಸರಿನ ಮುಂದೆ ಹಸಿರು ದೀಪ. ಕೆಳಗೆ ಒಂದು ಗುಬ್ಬಿ ಏರುತ್ತಿತ್ತು. ಮೊದಲ ಚಕ್ರ ದಾಟಿತು. ಎರಡನೆಯದು ದಾಟಿತು. ಎಲ್ಲೂ ತಡವರಿಸದೆ, ಗಾಳಿ ಇಲ್ಲದ ದಿನ ಹೊಗೆ ಏರುವಂತೆ ನೆಟ್ಟಗೆ ಏರುತ್ತಿತ್ತು.

"ಇದೇನಿದು?" ಅಂದೆ.

"ಕಲ್ಯಾಣಿ... ಆಡಾಕತ್ತಾರ," ಅಂದ ಉದಯಕುಮಾರ.

"ಯಾವಾಗಿಂದು ಇದು?"

"ಈಗಿಂದು ರೀ. ಈಗ, ಈ ನಿಮಿಷ."

ನನ್ನ ತಂಗಿಯನ್ನು ನಾನು ಆಗತಾನೇ ಹಾಸಿಗೆಯಲ್ಲಿ ಬಿಟ್ಟು ಬಂದಿದ್ದೆ. ಅವಳ ಬಲಗೈ ಎದೆಗೆ ಬಿಗಿದಿತ್ತು. ಔಷಧದ ಅಮಲಿನಲ್ಲಿ ನಿದ್ದೆ ಹೋಗಿದ್ದಳು. ಇಲ್ಲಿ ಅವಳ ಹೆಸರಿನ ಗುಬ್ಬಿ ಮೂರನೆಯ ಚಕ್ರ ದಾಟುತ್ತಿತ್ತು. ಮೈಮೇಲಿನ ಕೂದಲು ನಿಂತವು. ದೆವ್ವ ಭೂತ ನಂಬುವ ಮನೆಯವರಲ್ಲ ನಾವು, ಗೋಡೆಯ ಮೇಲೆ ಬುದ್ಧನ ಪಟ ಇದೆ. ಆದರೂ ಆ ಕ್ಷಣಕ್ಕೆ ಕೊರಳಪಟ್ಟಿ ಹಿಡಿದಿದ್ದ ಕೈ ತಾನೇ ಸಡಿಲವಾಯಿತು.

"ಫೋನ್ ಎಲ್ಲದ?" ಅವನ ದನಿ ಕೆಳಗಿಳಿದಿತ್ತು.

"ಮನ್ಯಾಗ. ಮಾನ್ವಿ."

"ಮನ್ಯಾಗ ಯಾರದಾರ?"

ಅಪ್ಪ ಶಕ್ತಿನಗರದಲ್ಲಿ ಗುತ್ತಿಗೆ ಕೆಲಸದಲ್ಲಿದ್ದ, ವಾರಕ್ಕೊಮ್ಮೆ ಬರುವವನು. ಮನೆಯಲ್ಲಿದ್ದವಳು ಅವ್ವ ಒಬ್ಬಳೇ. ಅವಳಿಗೆ ಓದು ಬಾರದು. ಫೋನ್ ಎತ್ತಿ ಹಲೋ ಅನ್ನುವುದಷ್ಟೇ ಬರುತ್ತದೆ. ಕಲ್ಯಾಣಿಗೆ ಪೆಟ್ಟಾಗಿದೆ, ಹೆದರಬೇಡ, ನೀನು ಬರುವುದು ಬೇಡ ಅಂತ ದಾರಿಯಲ್ಲಿ ನಾನೇ ಹೇಳಿದ್ದೆ.

"ಕಳವು ಮಾಡಿರ್ತಾರ ಯಾರೋ," ಅಂದೆ.

"ಕಳ್ಳ ಗುಬ್ಬಿ ಆಡ್ತಾನೇನ್ರಿ?"

ಉದಯಕುಮಾರ ಚಪ್ಪಲಿ ಮೆಟ್ಟಿದ. ನಾನು ಬಾ ಅನ್ನಲಿಲ್ಲ. ನನ್ನ ಗೆಳೆಯ ದೇವದುರ್ಗದಿಂದ ನನ್ನ ಗಾಡಿ ತಂದು ಆಸ್ಪತ್ರೆ ಮುಂದೆ ನಿಲ್ಲಿಸಿದ್ದ. ಉದಯಕುಮಾರ ನನ್ನ ಹಿಂದೆಯೇ ಅಲ್ಲಿಯವರೆಗೆ ನಡೆದುಬಂದು ಗಾಡಿ ಏರಿ ಕೂತ. ಸ್ವಲ್ಪ ಹೊತ್ತಿಗೆ ಮುಂಚೆ ಹೊಡೆಯಲು ಹೊರಟವನ ಬೆನ್ನ ಹಿಂದೆ ಯಾಕೆ ಕೂತನೋ. ಮಾನ್ವಿ ಮುಟ್ಟುವವರೆಗೆ ನಾನು ಒಂದೇ ಮಾತಾಡಿದೆ. "ಇದು ನಿನ್ನ ಮಷಿನ್ ಕೆಟ್ಟಿದ್ದು ಅಂತಾದ್ರ, ನಿನ್ನನ್ನ ಅಲ್ಲೇ ಕಾಲುವಿಗೆ ಒಗಿತೀನಿ." ಅವನು ಹೂಂ ಅಂದ.

ಓಣಿಗೆ ತಿರುಗುತ್ತಿದ್ದಂತೆ ಹೆಂಗಸರ ಗದ್ದಲ ಕೇಳಿಸಿತು. ನಮ್ಮ ಮನೆಯ ಅಂಗಳದಿಂದ.

"ಮ್ಯಾಲ... ಇನ್ನಾ ಮ್ಯಾಲ... ನಿಧಾನ ಬೇ ಅಮರಮ್ಮ!"

"ನಿಧಾನನ ಎತ್ತಾಕತ್ತೀನಲ್ಲ, ನಿನ್ನ ಬಾಯಿಗೆ ಬೀಗ ಹಾಕು ಮದಲ."

"ಸೊಸಿ ಬಂದ್ರ ಆಕಿನ್ನೂ ಹಿಂಗ ಮೆಲ್ಲಕ ಎತ್ತಿ ಇಳಸ್ತಿ ಏನು?"

ಎಲ್ಲರೂ ನಕ್ಕರು.

ಅಂಗಳದ ನಡುವೆ ಅಮರಮ್ಮ, ನನ್ನ ಅವ್ವ, ನಿಂತಿದ್ದಳು. ಕಾಲಡಿ ರಬ್ಬರ್ ಪಟ್ಟಿ. ಸೆರಗು ಸೊಂಟಕ್ಕೆ ಸಿಗಿಸಿದ್ದಳು. ಅಂಗೈಗೆ ಫೋನು ಬಿಗಿದುಕೊಂಡು ಬಲಗೈಯನ್ನು ಮಗ್ಗುಲಿಂದ ಮೇಲೆ ಎತ್ತುತ್ತಿದ್ದಳು. ಸುತ್ತ ಓಣಿಯ ಹೆಂಗಸರು. ಪಕ್ಕದ ಮನೆಯ ಬಡೇಬೀ ತನ್ನ ಸರದಿಗೆ ತಯಾರಾಗಿ ಬಳೆಗಳನ್ನು ಮೇಲೆ ಸರಿಸಿಕೊಂಡು ನಿಂತಿದ್ದಳು. ಅಂಬಮ್ಮ ನೆಲಕ್ಕೆ ಕೂತು ಗುಬ್ಬಿಗೆ ದಾರಿ ಹೇಳುತ್ತಿದ್ದಳು. ಅವ್ವನ ಕೈ ಏರಿತು, ನಿಂತಿತು, ಇಳಿಯಿತು. ಒಂದು ಎಳೆ ನಡುಗಲಿಲ್ಲ. ಎಷ್ಟೋ ವರ್ಷ ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸಿ, ಕಸ ತೆಗೆದು, ಹೊರೆ ಎತ್ತಿದ ಕೈ ಅದು.

ನನ್ನ ಕಾಲುಗಳು ಬಾಗಿಲಲ್ಲೇ ನಿಂತುಬಿಟ್ಟವು.

ಮೊದಲು ನೋಡಿದವಳು ಬಡೇಬೀ. "ಅಯ್ಯ, ಡಾಕ್ಟರ್ ಸಾಬ್ ಬಂದಾರ! ಕುರ್ಚಿ ತರ್ರಿ ಯಾರರ."

ಅವ್ವ ಓಡಿಬಂದಳು. "ಯಪ್ಪಾ, ಕಲ್ಯಾಣಿ ಹೆಂಗದಾಳ? ಬ್ಯಾನಿ ಕಡಿಮಿ ಆತೇನು?" ಅಂತ ನನ್ನನ್ನು ಕೇಳಿ, ನಾನು ಬಾಯಿ ಬಿಡುವುದರೊಳಗೆ ಉದಯಕುಮಾರನ ಕಡೆ ತಿರುಗಿದಳು. "ಆಕಿ ಆಸ್ಪತ್ರ್ಯಾಗ ಮಲಗ್ಯಾಳ್ರಿ ಸಾಹೇಬ್ರ, ಆದ್ರ ಇವತ್ತಿಂದೂ ನಿಲ್ಸಿಲ್ಲ. ಆಕಿ ಪಾಲಿಂದು ನಾವ ಮುಗಿಸಾಕತ್ತೀವಿ. ಬಾಕಿ ಇಡಂಗಿಲ್ಲ ನೋಡ್ರಿ."

ಉದಯಕುಮಾರ ಕುರ್ಚಿಯಲ್ಲಿ ಕೂಡಲಿಲ್ಲ. ಅದರ ಬೆನ್ನು ಹಿಡಿದುಕೊಂಡ. "ಯಾರ್ಯಾರು ಆಡ್ತಿದ್ರಿ ಯವ್ವಾ?"

"ನಾ ಆಡ್ತೀನ್ರಿ," ಅಂದಳು ಅಂಬಮ್ಮ.

"ನಂದು ಮಧ್ಯಾಹ್ನದ್ದು," ಅಂದಳು ಬಡೇಬೀ. "ನಂಗ ಕಡೀ ಚಕ್ರ ಭಾಳ ಛಲೋ ಬರ್ತದ ಸಾಬ್. ಅಮರಮ್ಮಗ ಬರಂಗಿಲ್ಲ, ಅವಸರ ಮಾಡ್ತಾಳ."

ಹೊಗಳುವುದಕ್ಕೆ ಬಂದಿದ್ದಾನೆ ಅಂದುಕೊಂಡಿದ್ದರು ಅವರು. ಮುಖ ಅರಳಿತ್ತು.

"ಕಲ್ಯಾಣಿಗೆ ಗೊತ್ತದೇನು ಇದು?" ಅಂದೆ ನಾನು. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು.

"ಆಕಿಗ್ಯಾಕ ಹೇಳೋದು? ಮದಲ ಆಕಿಗೆ ಸಂಕೋಚ," ಅಂದಳು ಅವ್ವ. "ಆಕಿ ಕಾಲೇಜಿಗೆ ಹೋದ ಮ್ಯಾಲ ಮಧ್ಯಾಹ್ನ ಫೋನ್ ಬಡಕೋತಿತ್ತು. ಬಾಕಿ ಅದ ಬಾಕಿ ಅದ ಅಂತ ಕೆಂಪು ದೀಪ. ಆಕಿ ಬೆಳಿಗ್ಗೆ ಅರ್ಧ ಆಡಿ ಹಲ್ಲು ಕಚ್ಚಿ ಇಡೋದು ನಾ ನೋಡೀನಿ. ಹೊಲದಾಗ ಒಬ್ಬಾಕಿಗೆ ಮೈ ಸರಿ ಇಲ್ಲಂದ್ರ ಆಕಿ ಸಾಲು ಹಂಗ ಬಿಡ್ತೀವೇನು? ಎರಡೂ ಮಗ್ಗಲಿನಾಕೇರು ಹಂಚಿಕೊಂಡು ಮುಗಿಸ್ತೀವಿ. ಆಕಿ ಕೂಲಿ ಆಕಿಗೆ ಸಿಗ್ತದ. ಹಂಗ ಇದೂನು."

ನಾನು ಸಿಟ್ಟಿನ ಮನುಷ್ಯ. ಓಣಿಗೆಲ್ಲ ಗೊತ್ತು. ಒಂಬತ್ತನೇ ತರಗತಿಯಲ್ಲಿ ನನ್ನನ್ನು ಹಿಂದೆ ಕೂಡಿಸಿದ ಮಾಸ್ತರನ ಮುಖದ ಮೇಲೆ ಪಾಟಿಚೀಲ ಎಸೆದು ಬಂದವನು ಮತ್ತೆ ಸಾಲೆ ಮೆಟ್ಟಿಲು ಹತ್ತಿಲ್ಲ. ಎದುರಿಗೆ ಒಬ್ಬ ಸಿಗಬೇಕು ನನಗೆ, ಬೈಯಲಿಕ್ಕೆ, ಹೊಡೆಯಲಿಕ್ಕೆ. ಇಲ್ಲಿ ಯಾರಿದ್ದರು? ಬಳೆ ಸರಿಸಿಕೊಂಡ ಬಡೇಬೀ. ನನ್ನನ್ನು ಎತ್ತಿ ಆಡಿಸಿದವಳು. ನನ್ನ ಅವ್ವ.

ಆದರೂ ಕಿರುಚಿದೆ.

"ಯವ್ವಾ, ನಿನ್ನ ಕೈ ನೋಡಿ ಆಕಿನ್ನ ಎಸಿಯಾಕ ಕಳಿಸ್ಯಾರ ಬೇ! ಗುಬ್ಬಿ ಹಾರಿಸಿದಾಕಿ ನೀನು, ಭರ್ಜಿ ಎಸಿದಾಕಿ ಆಕಿ. ಹರದೋಯ್ತು ಆಕಿ ಕೈ. ಆಪರೇಷನ್ ಅಂತ. ಇನ್ನ ಎಸೀತಾಳೋ ಇಲ್ಲೋ ಗೊತ್ತಿಲ್ಲ ಅಂತ!"

ಬಡೇಬೀ "ಯಾ ಅಲ್ಲಾ" ಅಂದು ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. ಅವ್ವನ ತಲೆಗೆ ಇನ್ನೂ ಹತ್ತಲಿಲ್ಲ.

"ಗುಬ್ಬಿ ಆಡಿದ್ರ ಕೈ ನೆಟ್ಟಗ ಆಗ್ತದ ಅಂದಿದ್ರಲ್ಲ ಇವ್ರು."

"ಆಡಿದವ್ರ ಕೈ ಆಗ್ತದ ಯವ್ವಾ," ಅಂದ ಉದಯಕುಮಾರ. ಮೆತ್ತಗೆ ಅಂದ. "ಆಡಿದವ್ರದು ಅಷ್ಟ."

ಅವ್ವ ತನ್ನ ಬಲಗೈ ನೋಡಿಕೊಂಡಳು. ತಿರುಗಿಸಿ ನೋಡಿಕೊಂಡಳು.

"ನನ್ನ ಕೈಗೆ ಏನಾಗಿತ್ತು?" ಅಂದಳು.

ಅವಳು ಅಂಗೈಯ ಪಟ್ಟಿ ಬಿಚ್ಚಲು ನೋಡಿದಳು. ಅಷ್ಟು ಹೊತ್ತು ಅಲುಗದಿದ್ದ ಕೈ ಈಗ ಎಷ್ಟು ನಡುಗುತ್ತಿತ್ತೆಂದರೆ ಪಟ್ಟಿಯ ಕೊಕ್ಕೆ ಸಿಗಲಿಲ್ಲ. ಉದಯಕುಮಾರ ಮುಂದೆ ಬಂದು ಬಿಚ್ಚಿಕೊಟ್ಟ. ಬಿಚ್ಚುತ್ತ ತಲೆ ಎತ್ತದೆ ಹೇಳಿದ.

"ನನ್ನ ಪರದೆ ದಿನದಾಗಿನ ಛಲೋ ಆಟ ಒಂದ ತೋರಸ್ತದ. ಬೆಳಿಗ್ಗೆ ಆಕಿ ಗುಬ್ಬಿ ಬಿದ್ದದ್ದು, ಎದ್ದದ್ದು ನಾ ತಗದ ನೋಡಬೇಕಾಗಿತ್ತು. ನೋಡಲಿಲ್ಲ. ನೀವು ಆಡಿದ್ದು ನಿಮಗ ಗೊತ್ತಿಲ್ಲದ ತಪ್ಪು. ನಂದು ಗೊತ್ತಿದ್ದವನ ತಪ್ಪು. ಹೊಡಿತೀನಂದ್ರ ಹೊಡೀರಿ ಗೌತಮ್."

ಈಗ ಹೊಡೆಯುವುದಕ್ಕೆ ನನ್ನ ಕೈ ಏಳಲಿಲ್ಲ. ಅದಕ್ಕೂ ಅವನ ಮೇಲೆ ಸಿಟ್ಟು ಬಂತು.

ಅವ್ವ ಬರುತ್ತೇನೆ ಅಂದಳು. ಬೇಡ ಅಂದೆ. ಕೇಳಲಿಲ್ಲ. ಬಡೇಬೀಯೂ ಹೊರಟಳು. ಓಣಿಯ ಆಟೋದಲ್ಲಿ ಅವರಿಬ್ಬರು, ಗಾಡಿಯ ಮೇಲೆ ನಾವಿಬ್ಬರು. ರಾಯಚೂರು ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು.

ಕಲ್ಯಾಣಿ ಎದ್ದು ದಿಂಬಿಗೆ ಒರಗಿದ್ದಳು. ಅವ್ವ ಹಾಸಿಗೆಯ ಹತ್ತಿರ ಹೋಗಲಿಲ್ಲ. ಕಾಲ ಕಡೆಯ ಸರಳು ಹಿಡಿದು ನಿಂತು ಹೇಳಿದಳು. ಸುತ್ತುಬಳಸಲಿಲ್ಲ. "ನಿನ್ನ ಗುಬ್ಬಿ ನಾವು ಆಡಿದ್ವಿ ನನ್ನವ್ವಾ. ಅದಕ್ಕ ನಿನ್ನ ಕೈ ಹೋತಂತ." ಹಿಂದೆ ಬಡೇಬೀ ಅಳುತ್ತಿದ್ದಳು.

ಕಲ್ಯಾಣಿ ಅವ್ವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಬಂದದ್ದು ಸಿಟ್ಟಲ್ಲ, ಗಾಬರಿ.

"ಯವ್ವಾ, ನೀವಾ?" ಅಂದಳು. "ನಾ ಅಣ್ಣ ಅಂತ ತಿಳಿದಿದ್ದೆ."

"ಏನಂತ ತಿಳಿದಿದ್ದಿ?" ಅಂದೆ.

"ಬೆಳಿಗ್ಗೆ ನಾ ಆಡಿದ್ರ ಗುಬ್ಬಿ ಎರಡನೇ ಚಕ್ರಕ್ಕ ಬೀಳ್ತಿತ್ತು. ಸಂಜಿಗೆ ಬಂದು ನೋಡಿದ್ರ ಮ್ಯಾಲಿನ ಹಂತ ತೆರೆದಿರ್ತಿತ್ತು. ಅಷ್ಟೂ ತಿಳಿಯಂಗಿಲ್ಲೇನು ನಂಗ? ನೀ ಮಧ್ಯಾಹ್ನ ಊಟಕ್ಕ ಬಂದಾಗ ಆಡಿರ್ತಿ ಅಂತ ಮಾಡಿದ್ದೆ. ಯಾವಾಗಲೂ ಫೋನಿನ್ಯಾಗ ಆಟ ಆಡಾವ ನೀನ. ನನ್ನ ಸಲುವಾಗಿ ಮಾಡಾಕತ್ತಾನ, ಕೇಳಿದ್ರ ಸಿಕ್ಕೊಂಡುಬಿಡ್ತಾನ ಅಂತ ಸುಮ್ಮನಿದ್ದೆ."

ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ಇಡೀ ದಿನ ಯಾರು ಬಿಟ್ಟಾರ, ಯಾರು ಬಿಟ್ಟಾರ ಅಂತ ಊರೂರು ಹುಡುಕಿಕೊಂಡು ಸುತ್ತಿದ್ದೆ. ಅವಳು ನನ್ನನ್ನೇ ಹಿಡಿದಿದ್ದಳು, ಹಿಡಿದು ಕ್ಷಮಿಸಿಯೂ ಬಿಟ್ಟಿದ್ದಳು.

"ಗೊತ್ತಿದ್ದೂ ಎಸಿದ್ಯಾ?" ಅಂದೆ. "ಕೈ ಸರಿ ಇಲ್ಲಂತ ಗೊತ್ತಿದ್ದೂ?"

"ಹೌದು. ಎಸಿದೆ." ಅವಳ ದನಿ ಏರಿತು. "ಬರೋ ವರ್ಷ ನನ್ನ ತಗೋತಾರೇನು? ಒಂದ ಎಸೆತ, ಒಂದ ಛಲೋ ಎಸೆತ ಬಿದ್ರ ಸಾಕು, ಆಮ್ಯಾಲ ಹೇಳಿದ್ರಾತು, ಅಲ್ಲೇ ರಿಪೇರಿ ಮಾಡಿಸಿಕೊಂಡ್ರಾತು ಅಂದುಕೊಂಡೆ. ನಿಮಗೇನು ಗೊತ್ತು? ನೀವೆಲ್ಲಾ ನಿಂತು ನೋಡಾವ್ರು."

ಉದಯಕುಮಾರ ಬಾಗಿಲಲ್ಲೇ ಇದ್ದ. ಒಳಗೆ ಬರಲೇ ಅನ್ನುವಂತೆ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನು ಬಂದು ಹಾಸಿಗೆಯ ಮಗ್ಗುಲಲ್ಲಿ ನಿಂತು, ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡ.

"ಆಪರೇಷನ್ ಆದ ಮ್ಯಾಲ ದಿನಾ ನಾ ಬರ್ತೀನಿ. ಆಟ ಬ್ಯಾಡ, ಅಂಕ ಬ್ಯಾಡ. ಈಗ ಬೆರಳು ಒಂದಷ್ಟು ಆಡಿಸಿ ತೋರಸ್ರಿ."

ಕಲ್ಯಾಣಿ ಕಟ್ಟಿನ ತುದಿಯಲ್ಲಿ ಕಾಣುತ್ತಿದ್ದ ಬೆರಳುಗಳನ್ನು ಮಡಚಿದಳು, ಬಿಡಿಸಿದಳು. ಅವನು ಒಂದು ಕೈಯನ್ನು ಅವಳ ಮೊಣಕೈ ಕೆಳಗೆ ಕೊಟ್ಟು, ಇನ್ನೊಂದನ್ನು ಭುಜದ ಮೇಲೆ ಹಗುರಕ್ಕೆ ಇಟ್ಟ. ಅವಳ ಕಣ್ಣ ತುದಿ ಕಿರಿದಾಯಿತು. ಅವ್ವ ಸರಳು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದವಳು ಅಲ್ಲೇ ನಿಂತಳು.

"ಬ್ಯಾನಿ ಅದ ಏನು?" ಅಂದ ಉದಯಕುಮಾರ.

ಕಲ್ಯಾಣಿ ಅವ್ವನ ಮುಖ ನೋಡಿದಳು, ನನ್ನದು ನೋಡಿದಳು. ತುಟಿ ಬಿಗಿಹಿಡಿದಳು. ಆಮೇಲೆ ಬಿಟ್ಟಳು.

"ಅದ," ಅಂದಳು. "ಮದಲಿಂದಾನೂ ಅದ. ಭಾಳ ಅದ."